ಉತ್ತರ ಅಗ್ಗವಾದ ಕಾಲದಲ್ಲಿ ಕಾಲೇಜಿನ ಪಾಠ

ಪದವಿ ಕಾಲೇಜುಗಳಲ್ಲಿ ಪ್ರತಿ ಸೆಮಿಸ್ಟರಿನಲ್ಲೂ ವಿದ್ಯಾರ್ಥಿಗಳಿಂದ ಬರೆಯಿಸಿಕೊಳ್ಳುವ ಅಸೈನ್‌ಮೆಂಟ್ ಎಂಬ ಪದ್ಧತಿಯು ಒಂದು ಸರಳ ನಂಬಿಕೆಯ ಮೇಲೆ ನಿಂತಿದೆ: ಹತ್ತು ಪುಟ ಬರೆದು ತಂದವರು ಆ ಹತ್ತು ಪುಟಕ್ಕೆ ಬೇಕಾದಷ್ಟನ್ನು ಓದಿದ್ದಾರೆ, ಓದಿದ್ದರಲ್ಲಿ ಒಂದಿಷ್ಟನ್ನಾದರೂ ಅರಗಿಸಿಕೊಂಡಿದ್ದಾರೆ ಎಂಬುದೇ ಆ ನಂಬಿಕೆ. ಇದು ಹಿಂದೆಯೂ ಅಷ್ಟೇನೂ ಭದ್ರವಾಗಿರಲಿಲ್ಲ. ಹಿರಿಯ ವಿದ್ಯಾರ್ಥಿಗಳ ನೋಟ್ಸು, ಬಸ್ ನಿಲ್ದಾಣದ ಎದುರಿನ ಅಂಗಡಿಯ ಗೈಡು, ಜೆರಾಕ್ಸ್ ಪ್ರತಿ, ಆಮೇಲೆ ಅಂತರ್ಜಾಲದಿಂದ ನಕಲಿಸಿ ಅಂಟಿಸುವ ರೂಢಿ, ಇವೆಲ್ಲ ಒಂದೊಂದಾಗಿ ಅದನ್ನು ಸಡಿಲಗೊಳಿಸುತ್ತಲೇ ಬಂದಿದ್ದವು. ಆದರೂ ನಕಲು ಮಾಡುವವರು ಯಾವ ಪುಟದಿಂದ ಎತ್ತಬೇಕೆಂದು ಹುಡುಕಬೇಕಾಗಿತ್ತು, ಎತ್ತಿದ್ದನ್ನು ಪ್ರಶ್ನೆಗೆ ಹೊಂದಿಸಬೇಕಾಗಿತ್ತು, ಮತ್ತು ಅದು ಎಲ್ಲಿಂದ ಬಂದದ್ದೆಂಬುದನ್ನು ಅನುಭವಿ ಅಧ್ಯಾಪಕರು ಎರಡು ಸಾಲು ಓದುವಷ್ಟರಲ್ಲಿ ಗುರುತಿಸಬಲ್ಲವರಾಗಿದ್ದರು. 2022ರ ನವೆಂಬರ್ 30ರಂದು ಅಮೆರಿಕದ ಓಪನ್‌ಎಐ ಸಂಸ್ಥೆಯು ಚಾಟ್‌ಜಿಪಿಟಿಯನ್ನು ಸಾರ್ವಜನಿಕರ ಬಳಕೆಗೆ ಬಿಟ್ಟ ಮೇಲೆ ಈ ಕೊನೆಯ ಆಸರೆಯೂ ಕಳಚಿತು. ಪ್ರಶ್ನೆಯನ್ನು ಮೊಬೈಲಿನಲ್ಲಿ ಟೈಪ್ ಮಾಡಿದರೆ ಅರ್ಧ ನಿಮಿಷದಲ್ಲಿ ಪೀಠಿಕೆ, ವಿವರಣೆ, ಉಪಸಂಹಾರಗಳ ಸಮೇತ ಉತ್ತರ ಬರುತ್ತದೆ. ಅದೇ ಪ್ರಶ್ನೆಯನ್ನು ಪಕ್ಕದ ವಿದ್ಯಾರ್ಥಿ ಕೇಳಿದರೆ ಬೇರೆ ಮಾತುಗಳಲ್ಲಿ ಬೇರೆ ಉತ್ತರ ಬರುತ್ತದೆ. ಆದ್ದರಿಂದ ಕಾಲೇಜು ಶಿಕ್ಷಣದ ಮುಂದೆ ಇಂದು ಇರುವ ಪ್ರಶ್ನೆಯು ಯಂತ್ರವನ್ನು ತಡೆಯುವುದು ಹೇಗೆಂಬುದಕ್ಕಿಂತ ಮೂಲಭೂತವಾದದ್ದು. ಬರೆದು ತಂದ ಉತ್ತರವು ಕಲಿಕೆಗೆ ಸಾಕ್ಷಿಯಾಗಿ ಉಳಿಯದಿದ್ದಾಗ, ಕಲಿಕೆಯನ್ನು ಎಲ್ಲಿ ನೋಡಬೇಕು, ಹೇಗೆ ಬೆಳೆಸಬೇಕು?

ಈ ಪ್ರಶ್ನೆಯನ್ನು ಎತ್ತಿಕೊಳ್ಳುವ ಮೊದಲು ಆ ಯಂತ್ರವು ಏನು ಮಾಡುತ್ತದೆ ಎಂಬುದನ್ನು ತಿಳಿಯುವುದು ಅಗತ್ಯ. ಚಾಟ್‌ಜಿಪಿಟಿ, ಗೂಗಲ್‌ನ ಜೆಮಿನಿ ಮೊದಲಾದವುಗಳ ಒಳಗಿರುವುದು ಬೃಹತ್ ಭಾಷಾ ಮಾದರಿ, ಅಂದರೆ ಅಪಾರ ಪ್ರಮಾಣದ ಬರಹವನ್ನು ಓದಿಸಿ, ಯಾವ ಪದದ ನಂತರ ಯಾವ ಪದ ಬರುವ ಸಂಭವ ಹೆಚ್ಚು ಎಂಬುದನ್ನು ಅಂಕಿಗಳ ರೂಪದಲ್ಲಿ ಕಲಿಸಿದ ಒಂದು ಗಣಿತದ ರಚನೆ. ಅದು ಬರಹವನ್ನು ಟೋಕನ್ ಎಂದು ಕರೆಯಲಾಗುವ ಸಣ್ಣ ತುಣುಕುಗಳಾಗಿ ಒಡೆದು, ಈವರೆಗೆ ಬಂದ ತುಣುಕುಗಳನ್ನೆಲ್ಲ ಗಮನಿಸಿ, ಮುಂದಿನ ತುಣುಕನ್ನು ಊಹಿಸುತ್ತ ಹೋಗುತ್ತದೆ. ಹೀಗೆ ಒಂದಾದ ಮೇಲೊಂದರಂತೆ ಊಹಿಸಿದ ತುಣುಕುಗಳೇ ಓದುಗರ ಕಣ್ಣಿಗೆ ವಾಕ್ಯವಾಗಿ, ಪ್ಯಾರಾ ಆಗಿ, ಪ್ರಬಂಧವಾಗಿ ಕಾಣುತ್ತವೆ. ಸತ್ಯವಾದ ಮಾತನ್ನೂ ಸುಳ್ಳಾದ ಮಾತನ್ನೂ ಅದು ಹುಟ್ಟಿಸುವ ಬಗೆ ಒಂದೇ ಆಗಿರುವುದರಿಂದ, ಇಲ್ಲದ ಪುಸ್ತಕದ ಹೆಸರನ್ನೂ ನಡೆಯದ ಘಟನೆಯ ವರ್ಷವನ್ನೂ ಅಷ್ಟೇ ಧೈರ್ಯದಿಂದ ಹೇಳಿಬಿಡುತ್ತದೆ. ಕನ್ನಡದ ವಿಷಯದಲ್ಲಿ ಈ ದೋಷ ಇನ್ನಷ್ಟು ಎದ್ದು ಕಾಣುತ್ತದೆ, ಏಕೆಂದರೆ ಇಂತಹ ಮಾದರಿಗಳಿಗೆ ಓದಿಸಿದ ಬರಹದಲ್ಲಿ ಇಂಗ್ಲಿಷಿನ ಪಾಲೇ ಬಹಳ ದೊಡ್ಡದು, ಕನ್ನಡದ ಪಾಲು ತೀರಾ ಚಿಕ್ಕದು. ಜೊತೆಗೆ ಕನ್ನಡದ ಒಂದು ಅಕ್ಷರವೇ ಕಾಗುಣಿತ, ಒತ್ತು ಎಂದು ಹಲವು ಸಂಕೇತಗಳಿಂದ ಕೂಡಿರುವುದರಿಂದ ಅದೇ ಮಾತನ್ನು ಹೇಳಲು ಇಂಗ್ಲಿಷಿಗಿಂತ ಹೆಚ್ಚು ಟೋಕನ್‌ಗಳು ಬೇಕಾಗುತ್ತವೆ. ಐಐಟಿ ಮದ್ರಾಸಿನ ಎಐ4ಭಾರತ್, ಕೇಂದ್ರ ಸರ್ಕಾರದ ಭಾಷಿಣಿ ಮೊದಲಾದ ಪ್ರಯತ್ನಗಳು ಈ ಅಂತರವನ್ನು ಕಡಿಮೆ ಮಾಡುವತ್ತ ನಡೆದಿವೆ. ಕನ್ನಡದ ಉತ್ತರಗಳ ಗುಣಮಟ್ಟ ವರ್ಷದಿಂದ ವರ್ಷಕ್ಕೆ ಸುಧಾರಿಸುತ್ತಿರುವುದೂ ನಿಜ. ಆದ್ದರಿಂದ ಯಂತ್ರಕ್ಕೆ ಕನ್ನಡ ಬಾರದು ಎಂಬ ಸಮಾಧಾನವನ್ನು ನೆಚ್ಚಿ ಕೂರುವಂತಿಲ್ಲ.

ಅಸೈನ್‌ಮೆಂಟಿನ ಸಮಸ್ಯೆ ಎದುರಾದ ಕೂಡಲೇ ಜಗತ್ತಿನ ಎಲ್ಲ ಕಡೆಯ ಕಾಲೇಜುಗಳಿಗೂ ಮೊದಲು ಹೊಳೆದ ಉಪಾಯ, ಯಂತ್ರ ಬರೆದದ್ದನ್ನು ಯಂತ್ರದಿಂದಲೇ ಹಿಡಿಸುವುದು. ಪತ್ತೆ ತಂತ್ರಾಂಶಗಳೆಂದು ಕರೆಯುವ ಇವು ಒಂದು ಬರಹವು ಎಷ್ಟರ ಮಟ್ಟಿಗೆ ಯಂತ್ರ ಬರೆದಂತಿದೆ ಎಂಬುದನ್ನು ಶೇಕಡಾವಾರು ಅಂಕಿಯಲ್ಲಿ ಸೂಚಿಸುತ್ತವೆ. ಈ ಉಪಾಯವನ್ನು ನಂಬಲಾಗದೆಂಬುದಕ್ಕೆ ಸಾಕಷ್ಟು ಆಧಾರಗಳಿವೆ. ಚಾಟ್‌ಜಿಪಿಟಿಯನ್ನು ತಯಾರಿಸಿದ ಓಪನ್‌ಎಐ ಸಂಸ್ಥೆಯೇ ತಾನು ಹೊರತಂದಿದ್ದ ಪತ್ತೆ ಸಾಧನವನ್ನು, ಅದರ ನಿಖರತೆ ಕಡಿಮೆಯೆಂಬ ಕಾರಣ ಕೊಟ್ಟು, 2023ರ ಜುಲೈನಲ್ಲಿ ಹಿಂತೆಗೆದುಕೊಂಡಿತು. ಅದೇ ವರ್ಷ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಸಂಶೋಧಕರು, ಇಂಗ್ಲಿಷ್ ಮಾತೃಭಾಷೆಯಲ್ಲದ ಅಭ್ಯರ್ಥಿಗಳು ಟೋಫೆಲ್ ಪರೀಕ್ಷೆಗಾಗಿ ಬರೆದಿದ್ದ 91 ಪ್ರಬಂಧಗಳನ್ನು ಇಂತಹ ಏಳು ಸಾಧನಗಳಿಗೆ ಕೊಟ್ಟು ನೋಡಿದಾಗ, ಮನುಷ್ಯರೇ ಬರೆದ ಆ ಪ್ರಬಂಧಗಳಲ್ಲಿ ಸರಾಸರಿ ಅರ್ಧಕ್ಕಿಂತ ಹೆಚ್ಚಿನವು ಯಂತ್ರದ ಬರಹವೆಂಬ ಹಣೆಪಟ್ಟಿ ಪಡೆದವು. ಕಾರಣ ಸರಳವಾದದ್ದು: ಕಲಿತ ಭಾಷೆಯಲ್ಲಿ ಬರೆಯುವವರು ತಮಗೆ ಗೊತ್ತಿರುವ ಕೆಲವೇ ಪದಗಳನ್ನು, ಊಹಿಸಲು ಸುಲಭವಾದ ವಾಕ್ಯಗಳನ್ನು ಬಳಸುತ್ತಾರೆ, ಮತ್ತು ಊಹಿಸಲು ಸುಲಭವಾಗಿರುವುದನ್ನೇ ಈ ಸಾಧನಗಳು ಯಂತ್ರದ ಗುರುತೆಂದು ಭಾವಿಸುತ್ತವೆ. ಪಿಯುಸಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಬಿಕಾಂ ಅಥವಾ ಬಿಎಸ್ಸಿಯಲ್ಲಿ ಮೊದಲ ಬಾರಿಗೆ ಎಲ್ಲವನ್ನೂ ಇಂಗ್ಲಿಷಿನಲ್ಲಿ ಬರೆಯಬೇಕಾಗಿ ಬಂದ ಯಾದಗಿರಿಯ ಅಥವಾ ಚಾಮರಾಜನಗರದ ವಿದ್ಯಾರ್ಥಿನಿಯೊಬ್ಬಳು ಸ್ವಂತವಾಗಿ ಕಷ್ಟಪಟ್ಟು ಕಟ್ಟಿದ ವಾಕ್ಯಗಳೇ ಆಕೆಯ ಮೇಲೆ ಕಳ್ಳತನದ ಆರೋಪವಾಗಿ ತಿರುಗಬಹುದು ಎಂಬುದು ಇದರ ಅರ್ಥ. ಇನ್ನೊಂದು ಕಡೆ, ಇಂಗ್ಲೆಂಡಿನ ರೀಡಿಂಗ್ ವಿಶ್ವವಿದ್ಯಾಲಯದ ಸಂಶೋಧಕರು ಯಂತ್ರ ಬರೆದ ಉತ್ತರಗಳನ್ನು ಮೌಲ್ಯಮಾಪಕರಿಗೆ ತಿಳಿಸದೆ ಮನಶ್ಶಾಸ್ತ್ರದ ನಿಜವಾದ ಪರೀಕ್ಷೆಗಳಿಗೆ ಸಲ್ಲಿಸಿದಾಗ, ಅವುಗಳಲ್ಲಿ ಶೇಕಡಾ 94ರಷ್ಟು ಅವರ ಅನುಮಾನಕ್ಕೆ ಸಿಗದೆ ಪಾರಾದವು, ಅಂಕಗಳೂ ಸರಾಸರಿಯಲ್ಲಿ ವಿದ್ಯಾರ್ಥಿಗಳಿಗಿಂತ ಹೆಚ್ಚೇ ಬಂದವು. 2024ರಲ್ಲಿ ಪ್ರಕಟವಾದ ಈ ಅಧ್ಯಯನದ ಫಲಿತಾಂಶ ಅಧ್ಯಾಪಕರ ಕಣ್ಣಿನ ಮೇಲಿನ ಭರವಸೆಯನ್ನೂ ಕುಗ್ಗಿಸುತ್ತದೆ. ತಪ್ಪಿತಸ್ಥರು ಪಾರಾಗುವ, ನಿರಪರಾಧಿಗಳು ಸಿಕ್ಕಿಬೀಳುವ ಒಂದು ಸಾಧನದ ಶೇಕಡಾವಾರನ್ನು ನೆಚ್ಚಿ ಯಾವ ವಿದ್ಯಾರ್ಥಿಯ ಅಂಕವನ್ನೂ ಕಡಿತ ಮಾಡಬಾರದು. ಹಾಗೆ ಮಾಡುವುದು ಶಿಕ್ಷಕ ವೃತ್ತಿಗೆ ತಕ್ಕ ನಡತೆಯಲ್ಲ.

ಪತ್ತೆಯ ದಾರಿ ಮುಚ್ಚಿದೆಯೆಂದಾದ ಮೇಲೆ, ಯಂತ್ರದ ನೆರವನ್ನು ಪೂರ್ತಿ ಮುಕ್ತವಾಗಿ ಬಿಟ್ಟುಬಿಡಬಹುದಲ್ಲ ಎಂಬ ವಾದ ಏಳುತ್ತದೆ. ಕ್ಯಾಲ್ಕ್ಯುಲೇಟರ್ ಬಂದಾಗಲೂ ಇದೇ ಆತಂಕವಿತ್ತು, ಆಮೇಲೆ ಎಲ್ಲ ಸರಿಹೋಯಿತು ಎಂಬುದು ಈ ವಾದದ ಬೆನ್ನೆಲುಬು. ಇದಕ್ಕೆ ಉತ್ತರವನ್ನು ಅಭಿಪ್ರಾಯಗಳಲ್ಲಿ ಹುಡುಕುವ ಬದಲು ಪ್ರಯೋಗಗಳಲ್ಲಿ ಹುಡುಕುವುದು ಒಳ್ಳೆಯದು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಟರ್ಕಿ ದೇಶದ ಒಂದು ಪ್ರೌಢಶಾಲೆಯಲ್ಲಿ ಸುಮಾರು ಸಾವಿರ ವಿದ್ಯಾರ್ಥಿಗಳ ಮೇಲೆ ನಡೆಸಿದ ಗಣಿತದ ಪ್ರಯೋಗವು ಕಾಲೇಜಿನದಲ್ಲವಾದರೂ ಕಾಲೇಜಿನವರು ಗಮನವಿಟ್ಟು ಓದಬೇಕಾದದ್ದು. ವಿದ್ಯಾರ್ಥಿಗಳನ್ನು ಮೂರು ಗುಂಪು ಮಾಡಿ, ಒಂದು ಗುಂಪಿಗೆ ಪುಸ್ತಕ ಮತ್ತು ಟಿಪ್ಪಣಿಗಳನ್ನು ಮಾತ್ರ, ಎರಡನೆಯದಕ್ಕೆ ಚಾಟ್‌ಜಿಪಿಟಿಯಂತೆಯೇ ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಯಂತ್ರವನ್ನು, ಮೂರನೆಯದಕ್ಕೆ ಉತ್ತರ ಹೇಳದೆ ಸುಳಿವು ಮಾತ್ರ ಕೊಡುವಂತೆ ಶಿಕ್ಷಕರ ಸಲಹೆಯಿಂದ ಕಟ್ಟಿದ ಯಂತ್ರವನ್ನು ಅಭ್ಯಾಸದ ಹೊತ್ತಿನಲ್ಲಿ ಒದಗಿಸಲಾಯಿತು. ಅಭ್ಯಾಸದ ಲೆಕ್ಕಗಳಲ್ಲಿ ಎರಡನೆಯ ಗುಂಪು ಮೊದಲನೆಯದಕ್ಕಿಂತ ಶೇಕಡಾ 48ರಷ್ಟೂ ಮೂರನೆಯ ಗುಂಪು ಶೇಕಡಾ 127ರಷ್ಟೂ ಮುಂದಿದ್ದವು. ಆಮೇಲೆ ಯಂತ್ರವನ್ನು ಕಿತ್ತುಕೊಂಡು ಪರೀಕ್ಷೆ ಕೊಟ್ಟಾಗ, ಉತ್ತರಗಳನ್ನು ಸುಲಭವಾಗಿ ಪಡೆದಿದ್ದ ಎರಡನೆಯ ಗುಂಪು ಪುಸ್ತಕ ಮಾತ್ರ ಇದ್ದವರಿಗಿಂತ ಶೇಕಡಾ 17ರಷ್ಟು ಹಿಂದೆ ಬಿತ್ತು; ಸುಳಿವು ಮಾತ್ರ ಪಡೆದ ಗುಂಪಿನಲ್ಲಿ ಈ ಹಾನಿ ಬಹುಮಟ್ಟಿಗೆ ಕಾಣಲಿಲ್ಲ. ಇವೆಲ್ಲಕ್ಕಿಂತ ಚಿಂತೆಗೆ ಹಚ್ಚುವ ಸಂಗತಿಯೆಂದರೆ, ಹಿಂದೆ ಬಿದ್ದವರಿಗೆ ತಾವು ಕಡಿಮೆ ಕಲಿತಿದ್ದೇವೆ ಎಂಬ ಅರಿವೇ ಇರಲಿಲ್ಲ.

ಹೀಗೇಕಾಗುತ್ತದೆ ಎಂಬುದನ್ನು ಕಲಿಕೆಯ ಮನೋವಿಜ್ಞಾನವು ಈ ಭಾಷಾ ಮಾದರಿಗಳು ಬರುವ ಬಹಳ ಮೊದಲೇ ತಿಳಿಸಿಕೊಟ್ಟಿತ್ತು. ಅಮೆರಿಕದ ಸೇಂಟ್ ಲೂಯಿ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದು ಗದ್ಯಭಾಗವನ್ನು ಎರಡು ಸಲ ಓದಿದವರನ್ನೂ, ಒಂದು ಸಲ ಓದಿ ಎರಡನೆಯ ಸಲ ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರನ್ನೂ ಹೋಲಿಸಲಾಯಿತು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದವರೇ ಮುಂದಿದ್ದರು; ಒಂದು ವಾರದ ನಂತರ ಕೇಳಿದಾಗ ಅವರಿಗೆ ಶೇಕಡಾ 42ರಷ್ಟು ಮಾತ್ರ ನೆನಪಿದ್ದರೆ, ನೆನಪಿನಿಂದ ಬರೆದವರಿಗೆ ಶೇಕಡಾ 56ರಷ್ಟು ನೆನಪಿತ್ತು. ಓದಿದ್ದನ್ನು ಒಳಗಿನಿಂದ ಎಳೆದು ತರುವ ಶ್ರಮವೇ ಅದನ್ನು ಒಳಗೆ ನಾಟಿಸುತ್ತದೆ ಎಂಬುದು ಇದರ ತಿರುಳು. ರಾಬರ್ಟ್ ಬ್ಯೋರ್ಕ್ ಎಂಬ ಮನೋವಿಜ್ಞಾನಿ ಇಂತಹ ಶ್ರಮಕ್ಕೆ ಅಪೇಕ್ಷಣೀಯ ಕಷ್ಟ ಎಂಬ ಅರ್ಥದ ಹೆಸರನ್ನು ಕೊಟ್ಟರು: ಆ ಹೊತ್ತಿಗೆ ನಿಧಾನವೆನಿಸಿದರೂ, ತಪ್ಪುಗಳು ಹೆಚ್ಚಾದರೂ, ದೀರ್ಘಕಾಲದಲ್ಲಿ ಕಲಿಕೆಯನ್ನು ಗಟ್ಟಿ ಮಾಡುವ ಕಷ್ಟ ಅದು. ಕ್ಯಾಲ್ಕ್ಯುಲೇಟರ್ ಗುಣಾಕಾರದ ಕಷ್ಟವನ್ನು ತೆಗೆಯಿತು, ಆದರೆ ಯಾವುದನ್ನು ಯಾವುದರಿಂದ ಗುಣಿಸಬೇಕೆಂದು ನಿರ್ಧರಿಸುವ ಕಷ್ಟವನ್ನು ವಿದ್ಯಾರ್ಥಿಗೇ ಉಳಿಸಿತು. ಭಾಷಾ ಮಾದರಿಯು ಓದುವುದು, ಆಯುವುದು, ಜೋಡಿಸುವುದು, ಅನುಮಾನಿಸುವುದು, ಬರೆದು ಹೊಡೆದುಹಾಕಿ ಮತ್ತೆ ಬರೆಯುವುದು ಎಂಬ ಎಲ್ಲ ಕಷ್ಟಗಳನ್ನೂ ಒಟ್ಟಿಗೆ ತೆಗೆದುಬಿಡುತ್ತದೆ. ಕಾಲೇಜು ಎಂಬುದು ಇರುವುದೇ ಆ ಕಷ್ಟಗಳನ್ನು ಹಿತಮಿತವಾಗಿ ಒದಗಿಸಲಿಕ್ಕೆ ಎಂದಾದ ಮೇಲೆ, ಅವುಗಳನ್ನು ಉಳಿಸಿಕೊಡುವುದು ಅಧ್ಯಾಪಕರ ಹೊಣೆ, ಪಡೆಯುವುದು ವಿದ್ಯಾರ್ಥಿಯ ಹಕ್ಕು.

ಹಾಗೆಂದು ಯಂತ್ರದಿಂದ ಕಲಿಕೆಗೆ ಕೇಡೇ ಎಂದು ತೀರ್ಮಾನಿಸುವುದೂ ಸಾಧ್ಯವಿಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ 2023ರಲ್ಲಿ 194 ಪದವಿ ವಿದ್ಯಾರ್ಥಿಗಳ ಮೇಲೆ ನಡೆದು 2025ರಲ್ಲಿ ಪ್ರಕಟವಾದ ಭೌತಶಾಸ್ತ್ರದ ಪ್ರಯೋಗವೊಂದರಲ್ಲಿ, ಮೇಲ್ಮೈ ಎಳೆತ ಮತ್ತು ದ್ರವಗಳ ಹರಿವು ಎಂಬ ಎರಡು ಪಾಠಗಳನ್ನು ಒಂದು ವಾರ ಒಂದು ಗುಂಪು ತರಗತಿಯಲ್ಲೂ ಇನ್ನೊಂದು ಗುಂಪು ಮನೆಯಲ್ಲಿ ಎಐ (ಕೃತಕ ಬುದ್ಧಿಮತ್ತೆ) ಬೋಧಕನೊಂದಿಗೂ ಕಲಿತವು, ಮರುವಾರ ಗುಂಪುಗಳು ಅದಲುಬದಲಾದವು. ಎಐ ಬೋಧಕನೊಂದಿಗೆ ಕಲಿತವರ ಕಲಿಕೆಯ ಏರಿಕೆ ತರಗತಿಯವರದಕ್ಕಿಂತ ಎರಡು ಪಟ್ಟಿಗೂ ಹೆಚ್ಚಾಗಿತ್ತು, ತೆಗೆದುಕೊಂಡ ಸಮಯವೂ ಕಡಿಮೆ. ಟರ್ಕಿಯ ಎರಡನೆಯ ಗುಂಪಿಗೂ ಹಾರ್ವರ್ಡಿನ ಈ ವಿದ್ಯಾರ್ಥಿಗಳಿಗೂ ಸಿಕ್ಕಿದ್ದು ಮೂಲತಃ ಒಂದೇ ತಂತ್ರಜ್ಞಾನ. ವ್ಯತ್ಯಾಸವಿದ್ದದ್ದು ಅದರ ಹಿಂದಿನ ಅಧ್ಯಾಪಕರ ಕೆಲಸದಲ್ಲಿ: ಪ್ರತಿ ಲೆಕ್ಕವನ್ನೂ ಬಿಡಿಸುವ ಸರಿಯಾದ ಕ್ರಮವನ್ನು ಹಾರ್ವರ್ಡಿನ ಅಧ್ಯಾಪಕರು ಮೊದಲೇ ಬರೆದು ಯಂತ್ರಕ್ಕೆ ಒದಗಿಸಿದ್ದರು, ಒಂದು ಸಲಕ್ಕೆ ಒಂದೇ ಹೆಜ್ಜೆ ತೋರಿಸಬೇಕೆಂದು, ವಿದ್ಯಾರ್ಥಿಯೇ ಮೊದಲು ಯೋಚಿಸುವಂತೆ ಮಾಡಬೇಕೆಂದು ಅದಕ್ಕೆ ಕಟ್ಟುಪಾಡು ಹಾಕಿದ್ದರು. ಎರಡು ಪ್ರಯೋಗಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ, ಯಂತ್ರದ ಮೌಲ್ಯವನ್ನು ನಿರ್ಧರಿಸುವುದು ಅದನ್ನು ಪಾಠದೊಳಗೆ ಕೂರಿಸುವ ಅಧ್ಯಾಪಕರ ಕೌಶಲವೇ ಎಂಬುದು ನಿಚ್ಚಳವಾಗುತ್ತದೆ.

ಬೋಧನೆಯ ಸುಧಾರಣೆ ಎಂದಾಗ ಮೊದಲು ಬದಲಾಗಬೇಕಾದದ್ದು ಐವತ್ತೈದು ನಿಮಿಷ ಒಬ್ಬರೇ ಮಾತಾಡಿ ನೋಟ್ಸ್ ಬರೆಸುವ ಪಾಠ. ವಿಜ್ಞಾನ, ಎಂಜಿನಿಯರಿಂಗ್ ಮತ್ತು ಗಣಿತದ ಪದವಿ ತರಗತಿಗಳ ಕುರಿತ 225 ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಉಪನ್ಯಾಸವನ್ನು ಮಾತ್ರ ಕೇಳಿದ ವಿದ್ಯಾರ್ಥಿಗಳು ಅನುತ್ತೀರ್ಣರಾಗುವ ಸಂಭವ, ಪಾಠದಲ್ಲಿ ಸಕ್ರಿಯವಾಗಿ ತೊಡಗಿದವರಿಗಿಂತ ಒಂದೂವರೆ ಪಟ್ಟು ಹೆಚ್ಚು. ಬರೆಸುವ ನೋಟ್ಸು ಈಗ ಯಾವ ಮೊಬೈಲಿನಲ್ಲಾದರೂ ಸಿಗುವಾಗ, ತರಗತಿಯ ಸಮಯವನ್ನು ಅದಕ್ಕೇ ಖರ್ಚು ಮಾಡುವುದು ವಿದ್ಯಾರ್ಥಿಗಳಿಗೆ ಮಾಡುವ ಅನ್ಯಾಯ. ತೊಂಬತ್ತು ಜನ ಕೂತಿರುವ ಕೋಣೆಯಲ್ಲಿ ಸಕ್ರಿಯ ಕಲಿಕೆ ಹೇಗೆ ಸಾಧ್ಯ ಎಂಬ ಅಧ್ಯಾಪಕರ ಪ್ರಶ್ನೆ ನ್ಯಾಯವಾದದ್ದು. ಹಾರ್ವರ್ಡಿನ ಭೌತಶಾಸ್ತ್ರ ಅಧ್ಯಾಪಕ ಎರಿಕ್ ಮಜೂರ್ 1991ರಿಂದ ರೂಢಿಗೆ ತಂದ ಸಹಪಾಠಿ ಬೋಧನೆಯ ಕ್ರಮವು ದೊಡ್ಡ ತರಗತಿಗಳಲ್ಲೇ ಹುಟ್ಟಿದ್ದು, ಮತ್ತು ಅದಕ್ಕೆ ಕರೆಂಟೂ ಬೇಕಿಲ್ಲ. ಅಧ್ಯಾಪಕರು ಹದಿನೈದು ನಿಮಿಷ ಒಂದು ಪರಿಕಲ್ಪನೆಯನ್ನು ವಿವರಿಸಿ, ನಾಲ್ಕು ಆಯ್ಕೆಗಳಿರುವ ಒಂದು ಪ್ರಶ್ನೆಯನ್ನು ಹಲಗೆಯ ಮೇಲೆ ಬರೆಯುತ್ತಾರೆ. ಪ್ರತಿಯೊಬ್ಬರೂ ಒಬ್ಬರೇ ಯೋಚಿಸಿ, ಎದೆಯ ಮುಂದೆ ಒಂದರಿಂದ ನಾಲ್ಕು ಬೆರಳುಗಳನ್ನು ಹಿಡಿದು ತಮ್ಮ ಆಯ್ಕೆಯನ್ನು ತೋರಿಸುತ್ತಾರೆ. ಉತ್ತರಗಳು ಚದುರಿ ಹೋಗಿದ್ದರೆ ಸರಿ ಯಾವುದೆಂದು ಹೇಳದೆ, ಪಕ್ಕದವರನ್ನು ಒಪ್ಪಿಸುವಂತೆ ಎರಡು ನಿಮಿಷ ಬಿಡುತ್ತಾರೆ. ಮತ್ತೆ ಬೆರಳುಗಳು ಏಳುತ್ತವೆ. ಆ ಎರಡು ನಿಮಿಷದ ಗದ್ದಲದಲ್ಲಿ, ತಾನು ಹೇಳಿದ್ದು ಏಕೆ ಸರಿ ಎಂದು ತನ್ನ ಓರಗೆಯವಳಿಗೆ ತನ್ನದೇ ಕನ್ನಡದಲ್ಲಿ ತಿಳಿಸಲು ಹೆಣಗುವ ವಿದ್ಯಾರ್ಥಿಯು ಪುಸ್ತಕದ ಇಂಗ್ಲಿಷ್ ವ್ಯಾಖ್ಯೆಯನ್ನು ಮೊದಲ ಬಾರಿಗೆ ತನ್ನದಾಗಿಸಿಕೊಳ್ಳುತ್ತಿರುತ್ತಾನೆ. ಹಾರ್ವರ್ಡಿನವರೇ 2019ರಲ್ಲಿ ಪ್ರಕಟಿಸಿದ ಮತ್ತೊಂದು ಅಧ್ಯಯನ ತೋರಿಸಿದಂತೆ, ಹೀಗೆ ಕಲಿತವರಿಗೆ ತಾವು ಕಡಿಮೆ ಕಲಿತೆವೆಂಬ ಭಾವನೆ ಇರುತ್ತದೆ, ನಿಜವಾಗಿ ಅವರು ಹೆಚ್ಚು ಕಲಿತಿರುತ್ತಾರೆ. ಸೊಗಸಾದ ಉಪನ್ಯಾಸ ಕೇಳಿದಾಗ ಇದರ ತದ್ವಿರುದ್ಧವಾಗುತ್ತದೆ. ಆದ್ದರಿಂದ ಸೆಮಿಸ್ಟರಿನ ಮೊದಲ ವಾರದಲ್ಲೇ ವಿದ್ಯಾರ್ಥಿಗಳಿಗೆ ಈ ಸಂಗತಿಯನ್ನು ಬಿಡಿಸಿ ಹೇಳಬೇಕು, ಇಲ್ಲವಾದರೆ ಸರ್ ಪಾಠವನ್ನೇ ಮಾಡುವುದಿಲ್ಲ ಎಂಬ ದೂರು ಪ್ರಾಂಶುಪಾಲರ ಕೋಣೆಯವರೆಗೆ ಹೋಗುತ್ತದೆ.

ಯಂತ್ರವನ್ನೇ ಪಾಠದ ವಸ್ತುವಾಗಿಸುವುದು ಇನ್ನೊಂದು ದಾರಿ, ಮತ್ತು ಇದಕ್ಕೆ ಕನ್ನಡ ವಿಭಾಗದಷ್ಟು ಅನುಕೂಲವಾದ ಜಾಗ ಇನ್ನೊಂದಿಲ್ಲ. ವಚನ ಸಾಹಿತ್ಯದ ಪಾಠವನ್ನು ಉದಾಹರಣೆಯಾಗಿ ನೋಡಬಹುದು. ವಚನದ ಕೊನೆಗೆ ಬರುವ ಅಂಕಿತವು ವಚನಕಾರರ ಗುರುತು. ಬಸವಣ್ಣನವರಿಗೆ ಕೂಡಲಸಂಗಮದೇವ, ಅಲ್ಲಮಪ್ರಭುವಿಗೆ ಗುಹೇಶ್ವರ, ಅಕ್ಕಮಹಾದೇವಿಗೆ ಚೆನ್ನಮಲ್ಲಿಕಾರ್ಜುನ. ಭಾಷಾ ಮಾದರಿಯನ್ನು ಒಂದು ವಿಷಯ ಹೇಳಿ ಅದರ ಮೇಲೆ ಬಸವಣ್ಣನವರ ವಚನ ಕೊಡು ಎಂದು ಕೇಳಿದರೆ, ಇರುವ ವಚನ ಸಿಗದಿದ್ದಾಗ ಅದು ತಾನೇ ಒಂದನ್ನು ಕಟ್ಟಿ ಕೊನೆಗೆ ಅಂಕಿತವನ್ನು ಜೋಡಿಸಿಬಿಡುವುದುಂಟು. ಅಧ್ಯಾಪಕರು ಇಂತಹ ಎರಡನ್ನೂ ನಿಜವಾದ ಎರಡು ವಚನಗಳನ್ನೂ ಬೆರೆಸಿ ಒಂದು ಹಾಳೆಯಲ್ಲಿ ಹಂಚಿ, ಯಾವುದು ವಚನ, ಯಾವುದು ಯಂತ್ರದ ಕಟ್ಟು ಎಂಬುದನ್ನು ಕಾರಣಸಹಿತ ಹೇಳುವಂತೆ ಕೇಳಿದರೆ, ತರಗತಿಯು ತಾನಾಗಿಯೇ ಪಾಠಸಂಶೋಧನೆಯ ಅಂಗಳಕ್ಕೆ ಇಳಿಯುತ್ತದೆ. ವಿದ್ಯಾರ್ಥಿಗಳು ಪದಗಳ ಬೆನ್ನು ಹತ್ತುತ್ತಾರೆ: ಈ ಪದ ಹನ್ನೆರಡನೆಯ ಶತಮಾನದಲ್ಲಿ ಇತ್ತೆ, ಅಥವಾ ಇಪ್ಪತ್ತನೆಯ ಶತಮಾನದ ಪತ್ರಿಕೆಗಳ ಕನ್ನಡದಲ್ಲಿ ಬೆಳೆದದ್ದೆ? ಕ್ರಿಯಾಪದದ ಕೊನೆಯ ರೂಪ ಆ ಕಾಲದ್ದೆ? ಹೋಲಿಕೆಯು ಹೊಲ, ಮಗ್ಗ, ಕಾಯಕಗಳ ಬದುಕಿನಿಂದ ಬಂದದ್ದೆ, ಇಲ್ಲ ಭಾಷಣದ ಶೈಲಿಯದೆ? ಊಹೆ ಮುಗಿದ ಮೇಲೆ ಪರಿಶೀಲನೆಗೆ ಆಧಾರಗಳೂ ಇವೆ, ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರ್ಕಾರ 1993ರಲ್ಲಿ ಹೊರತಂದ ಸಮಗ್ರ ವಚನ ಸಾಹಿತ್ಯದ 15 ಸಂಪುಟಗಳು ಅನೇಕ ಕಾಲೇಜು ಗ್ರಂಥಾಲಯಗಳ ಕಪಾಟಿನಲ್ಲಿವೆ, ವಚನ ಸಂಚಯ ಎಂಬ ಜಾಲತಾಣದಲ್ಲಿ ಒಂದೊಂದು ಪದವನ್ನೂ ಹುಡುಕಿ ಅದು ಯಾವ ಯಾವ ವಚನಗಳಲ್ಲಿ ಬಂದಿದೆ ಎಂಬುದನ್ನು ನೋಡಬಹುದು. ವರ್ಷಗಟ್ಟಲೆ ಯಾರೂ ತೆಗೆಯದ ಸಂಪುಟವೊಂದು ಕಪಾಟಿನಿಂದ ಕೆಳಗಿಳಿದು ಮೇಜಿನ ಮೇಲೆ ತೆರೆದುಕೊಳ್ಳುವುದಕ್ಕೆ ಒಂದು ಯಂತ್ರದ ತಪ್ಪು ಕಾರಣವಾದರೆ, ಆ ತಪ್ಪನ್ನು ಸಾರ್ಥಕವೆಂದೇ ಎಣಿಸಬೇಕು.

ಅರ್ಥಶಾಸ್ತ್ರದ ತರಗತಿಯಲ್ಲಿ ಇದೇ ತತ್ತ್ವ ಬೇರೆ ರೂಪ ತಾಳುತ್ತದೆ. ಸ್ವಸಹಾಯ ಸಂಘಗಳ ಪಾತ್ರವನ್ನು ವಿವರಿಸಿ ಎಂಬ ಪ್ರಶ್ನೆಗೆ ಯಂತ್ರವು ಯಾವ ವಿದ್ಯಾರ್ಥಿಗಿಂತಲೂ ಅಚ್ಚುಕಟ್ಟಾಗಿ ಬರೆಯಬಲ್ಲದು. ಅದೇ ಪ್ರಶ್ನೆಯನ್ನು, ತನ್ನ ಊರಿನ ಅಥವಾ ಬೀದಿಯ ಒಂದು ಸ್ತ್ರೀಶಕ್ತಿ ಸಂಘದ ಸದಸ್ಯೆಯರ ಒಪ್ಪಿಗೆ ಪಡೆದು, ಕಳೆದ ಆರು ತಿಂಗಳಲ್ಲಿ ಎಷ್ಟು ಸಾಲ, ಯಾವುದಕ್ಕೆ, ಎಷ್ಟು ಬಡ್ಡಿಗೆ ಹೋಯಿತು ಎಂಬುದನ್ನು ಕೇಳಿ ಬರೆದುಕೊಂಡು, ಪಠ್ಯಪುಸ್ತಕ ಹೇಳುವ ಮಾತಿಗೆ ಅದು ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಎಂಬುದನ್ನು ತೋರಿಸಿ ಎಂದು ತಿದ್ದಿದರೆ, ಯಂತ್ರಕ್ಕೆ ಗೊತ್ತಿರಲು ಸಾಧ್ಯವೇ ಇಲ್ಲದ ಸಂಗತಿಗಳು ಉತ್ತರದ ಕೇಂದ್ರಕ್ಕೆ ಬರುತ್ತವೆ. ಕುರಿ ಕೊಳ್ಳಲೆಂದು ಬರೆಸಿದ ಸಾಲ ಮಗಳ ಕಾಲೇಜು ಶುಲ್ಕಕ್ಕೆ ಹೋಗಿರುವ ಸಂಗತಿ ಯಾವ ಪಠ್ಯದಲ್ಲೂ ಇರುವುದಿಲ್ಲ, ಆದರೆ ಗ್ರಾಮೀಣ ಸಾಲದ ಬಗ್ಗೆ ಅದಕ್ಕಿಂತ ಒಳ್ಳೆಯ ಪಾಠ ಸಿಗುವುದೂ ಕಷ್ಟ. ಕೂಡಿಸಿದ ಅಂಕಿಗಳನ್ನು ಕೋಷ್ಟಕವಾಗಿ ಜೋಡಿಸಲು, ವಾಕ್ಯಗಳ ಇಂಗ್ಲಿಷನ್ನು ತಿದ್ದಿಕೊಳ್ಳಲು ವಿದ್ಯಾರ್ಥಿ ಎಐ ನೆರವು ಪಡೆದರೆ ಅದರಿಂದ ನಷ್ಟವಿಲ್ಲ, ಪಡೆದದ್ದನ್ನು ಕೊನೆಯ ಪುಟದಲ್ಲಿ ಎರಡು ಸಾಲಿನಲ್ಲಿ ಹೇಳಿದರೆ ಸಾಕು.

ಇದರ ಜೊತೆಗೆ ಬಾಯಿಮಾತಿನ ಪರೀಕ್ಷೆಯನ್ನು ಮರಳಿ ತರುವುದು ಅನಿವಾರ್ಯ. ವಿಜ್ಞಾನದ ಪ್ರಾಯೋಗಿಕ ಪರೀಕ್ಷೆಗಳಲ್ಲಿ ವೈವಾ ಎಂಬ ಹೆಸರಿನಲ್ಲಿ ಅದು ಈಗಲೂ ಉಳಿದಿದೆ; ಕಲಾ ಮತ್ತು ವಾಣಿಜ್ಯ ವಿಭಾಗಗಳಲ್ಲಿ ಇಲ್ಲವೇ ಇಲ್ಲ ಎನ್ನಬಹುದು. ಸಮಯವೆಲ್ಲಿದೆ ಎಂಬ ಆಕ್ಷೇಪಣೆಗೆ ಒಂದು ಸಣ್ಣ ಲೆಕ್ಕ ಉತ್ತರ ಕೊಡುತ್ತದೆ. ಅರವತ್ತು ವಿದ್ಯಾರ್ಥಿಗಳ ಹತ್ತು ಪುಟದ ಅಸೈನ್‌ಮೆಂಟುಗಳೆಂದರೆ ಆರುನೂರು ಪುಟ. ಪುಟಕ್ಕೆ ಎರಡು ನಿಮಿಷವಾದರೂ 20 ಗಂಟೆ ಬೇಕು, ಮತ್ತು ಅಷ್ಟು ಗಂಟೆ ಕೊಟ್ಟು ಓದಿದರೂ ಓದುತ್ತಿರುವುದು ಯಾರ ಬರಹವೆಂಬುದು ತಿಳಿಯುವುದಿಲ್ಲ. ಅದೇ ಅರವತ್ತು ಜನರೊಂದಿಗೆ ತಲಾ ಐದು ನಿಮಿಷ ಮಾತಾಡಲು ಬೇಕಾಗುವುದು ಐದು ಗಂಟೆ. ಎರಡು ಪುಟದ ಬರಹವನ್ನು ಎದುರಿಗಿಟ್ಟುಕೊಂಡು, ಈ ಅಂಕಿ ಎಲ್ಲಿಂದ ಬಂತು, ಈ ಮಾತಿಗೆ ವಿರುದ್ಧವಾದ ಉದಾಹರಣೆ ಒಂದನ್ನು ಹೇಳಬಹುದೇ, ಎರಡನೆಯ ಪ್ಯಾರಾವನ್ನು ತೆಗೆದರೆ ಏನು ನಷ್ಟ ಎಂದು ಮೂರು ಪ್ರಶ್ನೆ ಕೇಳಿದರೆ, ತಿಳಿದು ಬರೆದವರಾರು ಎಂಬುದು ಎರಡನೆಯ ನಿಮಿಷದಲ್ಲೇ ಗೊತ್ತಾಗುತ್ತದೆ. ಮಾತಾಡಲು ಹಿಂಜರಿಯುವವರಿಗೆ ಕನ್ನಡದಲ್ಲಿ ಉತ್ತರಿಸುವ ಸ್ವಾತಂತ್ರ್ಯವನ್ನು, ಮೊದಲ ಸಲ ತಡವರಿಸಿದವರಿಗೆ ಇನ್ನೊಂದು ಅವಕಾಶವನ್ನು ಕೊಡಬೇಕು. ಹಾಗೆ ಕೊಡದಿದ್ದರೆ ಇದು ಮಾತುಗಾರರಿಗೆ ಅಂಕ ಹಂಚುವ ಇನ್ನೊಂದು ಬಗೆಯಾಗಿಬಿಡುತ್ತದೆ.

ಆಸ್ಟ್ರೇಲಿಯಾದ ಸಿಡ್ನಿ ವಿಶ್ವವಿದ್ಯಾಲಯವು ಈ ಎಲ್ಲವನ್ನೂ ಒಂದು ನಿಯಮದೊಳಗೆ ತಂದಿದೆ. ಅಲ್ಲಿ ಮೌಲ್ಯಮಾಪನಕ್ಕೆ ಎರಡು ಪಥಗಳು: ಒಂದರಲ್ಲಿ ಮೇಲ್ವಿಚಾರಣೆಯ ಪರೀಕ್ಷೆ, ಮೌಖಿಕ ಪರೀಕ್ಷೆ, ಪ್ರಯೋಗಶಾಲೆಯ ಕೆಲಸದಂತಹ, ವಿದ್ಯಾರ್ಥಿಯ ಸ್ವಂತ ಸಾಮರ್ಥ್ಯವನ್ನು ಎದುರಿಗೇ ಅಳೆಯುವ ಕ್ರಮಗಳು; ಇನ್ನೊಂದರಲ್ಲಿ ಎಐ ಬಳಕೆಗೆ ಅವಕಾಶವಿರುವ, ಕಲಿಕೆಗಾಗಿಯೇ ಇರುವ ಕೆಲಸಗಳು. ಮನೆಯಲ್ಲಿ ಮಾಡುವ ಕೆಲಸದಲ್ಲಿ ಎಐ ಬಳಸಬಾರದೆಂಬ, ಪಾಲಿಸಿದರೋ ಇಲ್ಲವೋ ಎಂದು ಪರೀಕ್ಷಿಸಲಾಗದ ಆಜ್ಞೆಯನ್ನು ಕೈಬಿಟ್ಟದ್ದು ಇದರ ಪ್ರಾಮಾಣಿಕತೆ. ಪಾಲಿಸದವರಿಗೆ ಲಾಭವಾಗುವ, ಪಾಲಿಸುವವರಿಗೆ ನಷ್ಟವಾಗುವ ನಿಯಮ ಯಾವ ಸಂಸ್ಥೆಯಲ್ಲೂ ಇರಬಾರದು.

ಅಧ್ಯಾಪಕರು ತಮ್ಮ ಕೆಲಸಕ್ಕೆ ಎಐಯನ್ನು ಬಳಸುವ ವಿಷಯದಲ್ಲಿ ಒಂದೆರಡು ಮಾತು ಸಾಕು. ಒಂದೇ ಪರಿಕಲ್ಪನೆಗೆ ಮೂರು ಹಂತದ ಪ್ರಶ್ನೆಗಳನ್ನು ತಯಾರಿಸಲು, ವಿದ್ಯಾರ್ಥಿಗಳು ಸಾಮಾನ್ಯವಾಗಿ ಮಾಡುವ ತಪ್ಪುಗಳಿರುವ ಮಾದರಿ ಉತ್ತರವನ್ನು ಬರೆಯಿಸಿ ತರಗತಿಯಲ್ಲಿ ತಿದ್ದಿಸಲು, ಇಂಗ್ಲಿಷ್ ಲೇಖನದ ಸಾರವನ್ನು ಕನ್ನಡದಲ್ಲಿ ಪಡೆದು ತಾವೇ ಪರಿಶೀಲಿಸಿ ಹಂಚಲು ಅದು ಒಳ್ಳೆಯ ಸಹಾಯಕ. ವಿದ್ಯಾರ್ಥಿಗಳ ಉತ್ತರಪತ್ರಿಕೆಗಳನ್ನು ಹೆಸರು, ನೋಂದಣಿ ಸಂಖ್ಯೆಗಳ ಸಮೇತ ಅದಕ್ಕೆ ಒಪ್ಪಿಸಿ ಅಂಕ ಹಾಕಿಸುವುದು ಮಾತ್ರ ಸರ್ವಥಾ ಸಲ್ಲದು. ವೈಯಕ್ತಿಕ ಮಾಹಿತಿಯನ್ನು ರಕ್ಷಿಸುವ ಕಾನೂನೊಂದನ್ನು ದೇಶ 2023ರಲ್ಲಿ ಮಾಡಿಕೊಂಡಿದೆ ಎಂಬುದು ಒಂದು ಕಾರಣವಾದರೆ, ತಾನು ಬರೆದದ್ದನ್ನು ತನ್ನ ಗುರು ಓದುತ್ತಾರೆ ಎಂಬ ವಿಶ್ವಾಸವೇ ವಿದ್ಯಾರ್ಥಿಯನ್ನು ಬರೆಯಿಸುತ್ತದೆ ಎಂಬುದು ಅದಕ್ಕಿಂತ ದೊಡ್ಡ ಕಾರಣ.

ಈ ಎಲ್ಲ ಬದಲಾವಣೆಗಳ ಭಾರವನ್ನು ಅಧ್ಯಾಪಕರೊಬ್ಬರ ಹೆಗಲಿಗೇ ಹೊರಿಸುವುದು ನ್ಯಾಯವಲ್ಲ. ಕರ್ನಾಟಕದಲ್ಲಿ 400ಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿದ್ದು, ಅವುಗಳ ಬೋಧನೆಯ ಬಹುದೊಡ್ಡ ಪಾಲನ್ನು ಹೊತ್ತಿರುವವರು ಸಾವಿರಾರು ಅತಿಥಿ ಉಪನ್ಯಾಸಕರು. ಮುಂದಿನ ವರ್ಷ ಕೆಲಸ ಇರುತ್ತದೆಯೋ ಇಲ್ಲವೋ ಎಂಬ ಅನಿಶ್ಚಿತತೆಯಲ್ಲಿರುವವರಿಂದ ದೀರ್ಘಕಾಲದ ಬೋಧನಾ ಸುಧಾರಣೆಯನ್ನು ನಿರೀಕ್ಷಿಸುವ ಮೊದಲು ಅವರಿಗೆ ಸೇವಾಭದ್ರತೆಯನ್ನೂ ತರಬೇತಿಯನ್ನೂ ಒದಗಿಸಬೇಕಾದದ್ದು ಸರ್ಕಾರದ ಕರ್ತವ್ಯ. ರಾಜ್ಯದ ಪದವಿ ಶಿಕ್ಷಣವು 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಚೌಕಟ್ಟಿಗೆ ಹೋಗಿ, 2024-25ರಿಂದ ಮತ್ತೆ ಮೂರು ವರ್ಷದ ಚೌಕಟ್ಟಿಗೆ ಮರಳಿತು. ಇಷ್ಟು ಕಡಿಮೆ ಅವಧಿಯಲ್ಲಿ ಪಠ್ಯಕ್ರಮ ಎರಡು ಸಲ ಬದಲಾದರೂ, ಮನೆಯಿಂದ ಬರೆದು ತಂದ ಅಸೈನ್‌ಮೆಂಟಿಗೆ ಇಂಟರ್ನಲ್ ಅಂಕ ಕೊಡುವ ರೂಢಿ ಮಾತ್ರ ಹಾಗೆಯೇ ಉಳಿಯಿತು. ಇದು ವಿಷಾದದ ಸಂಗತಿ, ಏಕೆಂದರೆ ಎಐಯಿಂದ ಮೊದಲು ಟೊಳ್ಳಾದದ್ದು ಅದೇ ಭಾಗ.

ಪ್ರಶ್ನಿಸುವುದನ್ನು ಕಲಿಸುವ ಪರಂಪರೆ ಕನ್ನಡ ನಾಡಿಗೆ ಹೊಸದೇನೂ ಅಲ್ಲ. ಬೆಂಗಳೂರಿನ ನ್ಯಾಷನಲ್ ಕಾಲೇಜಿನ ಪ್ರಾಂಶುಪಾಲರಾಗಿ, ಆಮೇಲೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿ ದುಡಿದ ಭೌತಶಾಸ್ತ್ರಜ್ಞ ಎಚ್. ನರಸಿಂಹಯ್ಯನವರು, ಯಾರೇ ಹೇಳಿದರೂ ಪರೀಕ್ಷಿಸದೆ ಒಪ್ಪಬಾರದೆಂಬುದನ್ನೇ ಶಿಕ್ಷಣದ ಸಾರವೆಂದು ನಂಬಿ, 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿ, ವಿದ್ಯಾರ್ಥಿಗಳೂ ಸಾಮಾನ್ಯ ಜನರೂ ಒಂದೇ ಸಭಾಂಗಣದಲ್ಲಿ ಕುಳಿತು ವಿಜ್ಞಾನಿಗಳ ಮಾತು ಕೇಳುವ ಏರ್ಪಾಡನ್ನು ಮಾಡಿದರು. ಅಂದು ಪರೀಕ್ಷೆಗೆ ಒಡ್ಡಬೇಕಾಗಿದ್ದದ್ದು ಪವಾಡಗಳ ಮಾತುಗಳನ್ನು. ಇಂದು ಅದೇ ಪರೀಕ್ಷೆಗೆ ಒಡ್ಡಬೇಕಾದದ್ದು ಮೊಬೈಲಿನ ಪರದೆಯ ಮೇಲೆ ಮೂಡುವ ನಿರರ್ಗಳ ವಾಕ್ಯಗಳನ್ನು.

ಮುಂದಿನ ಸೆಮಿಸ್ಟರಿನ ಆರಂಭಕ್ಕೆ ಯಾವ ಸುತ್ತೋಲೆಗೂ ಕಾಯದೆ ಪ್ರತಿಯೊಬ್ಬ ಅಧ್ಯಾಪಕರೂ ಮಾಡಬಹುದಾದ ಕೆಲಸವೊಂದಿದೆ. ಅಸೈನ್‌ಮೆಂಟಿಗೆಂದು ಆರಿಸಿದ ಪ್ರಶ್ನೆಯನ್ನು ವಿದ್ಯಾರ್ಥಿಗಳಿಗೆ ಕೊಡುವ ಮೊದಲು ಒಮ್ಮೆ ಎಐಗೇ ಕೊಟ್ಟು ನೋಡಲಿ. ಬಂದ ಉತ್ತರಕ್ಕೆ ಎಷ್ಟು ಅಂಕ ಸಲ್ಲುತ್ತದೆಂದು ತಾವೇ ಹಾಕಲಿ. ಆ ಅಂಕ ಉತ್ತೀರ್ಣಕ್ಕೆ ಸಾಕಾಗುವಂತಿದ್ದರೆ ದಯವಿಟ್ಟು ಪ್ರಶ್ನೆಯನ್ನು ಬದಲಿಸಲಿ.